ಮೊದಲು ರಾಕೆಟ್ ಅಲ್ಲ, ಗಟ್ಟಿಂಗ್ ಕೇಳಿ: ಎಳೆಯ ಶಟಲ್ ಆಟಗಾರರು ಸ್ಪಾನ್ಸರ್ ಹುಡುಕುವುದು ಹೇಗೆ?

ಸ್ಟೇಟ್ ರ‍್ಯಾಂಕಿಂಗ್ ಟೂರ್ನಿ ಮುಗಿದ ವಾರ ನನ್ನ ಫೋನಿಗೆ ಬರುವ ಪ್ರಶ್ನೆ ಒಂದೇ. "ಸರ್, ಮಗಳು ಅಂಡರ್-15ರಲ್ಲಿ ಕ್ವಾರ್ಟರ್ ಫೈನಲ್ ತನಕ ಬಂದಳು. ಸ್ಪಾನ್ಸರ್ ಸಿಗುತ್ತಾರಾ? ಯಾರನ್ನ ಕೇಳಬೇಕು?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಟೈಪ್ ಮಾಡಿ ಸಾಕಾಯಿತು. ಅದಕ್ಕೇ ಎಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ. ನನ್ನ ಮಗಳು ಅಂಡರ್-13ರಿಂದ ಅಂಡರ್-19ರ ತನಕ ಆಡಿದವಳು. ಕೆಳಗಿರುವುದರಲ್ಲಿ ಅರ್ಧ ನಾವು ಎಡವಿ ಕಲಿತದ್ದು.

ಮೊದಲು ಒಂದು ಮಾತು. 2019ರಲ್ಲಿ ಪಿ.ವಿ. ಸಿಂಧು ಲೀ-ನಿಂಗ್ ಕಂಪನಿ ಜತೆ ನಾಲ್ಕು ವರ್ಷಕ್ಕೆ ಸುಮಾರು 50 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡ ಸುದ್ದಿ ಓದಿರುತ್ತೀರಿ. ಆ ಹೊತ್ತಿಗೆ ಅವರ ಹತ್ತಿರ ಒಲಿಂಪಿಕ್ಸ್ ಬೆಳ್ಳಿ ಇತ್ತು. ನಾವು ಮಾತಾಡುತ್ತಿರುವುದು ಬೇರೆಯೇ ಲೋಕದ ಬಗ್ಗೆ. ಇಲ್ಲಿ ದುಡ್ಡು ಕೈಗೆ ಬರುವುದು ಅಪರೂಪ, ಬರುವುದು ಸಾಮಾನು. ಅದರಲ್ಲೂ ಮೆಟ್ಟಿಲುಗಳಿವೆ. ಕೆಳಗಿನ ಮೆಟ್ಟಿಲು ಡಿಸ್ಕೌಂಟ್: ನಿಮ್ಮ ಬ್ರ್ಯಾಂಡಿನ ಸಾಮಾನು ಕಡಿಮೆ ಬೆಲೆಗೆ. ಅದರ ಮೇಲೆ ಗಟ್ಟಿಂಗ್ (ರಾಕೆಟ್ಟಿಗೆ ಗಟ್, ಅಂದರೆ ದಾರ, ಹಾಕಿಸುವುದು), ಗ್ರಿಪ್ (ಹಿಡಿಗೆ ಸುತ್ತುವ ಪಟ್ಟಿ) ಪುಕ್ಕಟೆ. ಆಮೇಲೆ 'ಕಿಟ್', ಅಂದರೆ ವರ್ಷಕ್ಕೆ ಇಷ್ಟು ರಾಕೆಟ್, ಇಷ್ಟು ಜೊತೆ ಶೂ, ಟೀ ಶರ್ಟ್, ಒಂದು ಕಿಟ್ ಬ್ಯಾಗ್. ಇನ್ನೂ ಮೇಲೆ ಹೋದರೆ ಗೆದ್ದಾಗ ಬೋನಸ್. ಕಟ್ಟಕಡೆಗೆ 'ರಿಟೇನರ್', ಗೆದ್ದರೂ ಸೋತರೂ ಕೊಡುವ ನಿಗದಿತ ಹಣ. ಜಿಲ್ಲಾ ಮಟ್ಟದಲ್ಲಿ ಆಡುವ ಹುಡುಗ ನೇರವಾಗಿ ರಿಟೇನರ್ ಕೇಳಿದರೆ ಪತ್ರ ಅಲ್ಲಿಗೇ ನಿಲ್ಲುತ್ತದೆ.

1. ಮೂರು ತಿಂಗಳು ಲೆಕ್ಕ ಬರೆಯಿರಿ

ಎಲ್ಲರೂ ರಾಕೆಟ್ ಕೇಳುತ್ತಾರೆ. ಮನೆ ಖಾಲಿ ಮಾಡುವುದು ರಾಕೆಟ್ ಅಲ್ಲ. ಚೆನ್ನಾಗಿ ನೋಡಿಕೊಂಡರೆ ಅದು ವರ್ಷಗಟ್ಟಲೆ ಬರುತ್ತದೆ. ದುಡ್ಡು ಸೋರುವುದು ಗಟ್ಟಿಂಗ್, ಕಾಕ್ (ಶಟಲ್ ಕಾಕ್), ಶೂ ಈ ಮೂರರಲ್ಲಿ.

ಒಂದು ನೋಟ್‌ಬುಕ್ ತಗೊಳ್ಳಿ. ಗಟ್ ತುಂಡಾದ ತಾರೀಕು, ಯಾವ ಗಟ್, ಎಷ್ಟು ಪೌಂಡ್ ಟೆನ್ಶನ್ (ಎಷ್ಟು ಬಿಗಿ ಎಳೆದಿದ್ದಾರೆ ಅನ್ನುವ ಅಳತೆ), ಎಷ್ಟು ಖರ್ಚಾಯಿತು, ಎಲ್ಲ ಬರೆಯಿರಿ. ಗಟ್ಟಿನ ದಪ್ಪದ ಮೇಲೂ ಕಣ್ಣಿರಲಿ. ಯೋನೆಕ್ಸ್ ಬಿಜಿ 65 ದಪ್ಪ 0.70 ಮಿಲಿಮೀಟರ್, ಬಾಳಿಕೆ ಜಾಸ್ತಿ. ಅದೇ ಕಂಪನಿಯ ಬಿಜಿ 66 ಅಲ್ಟಿಮ್ಯಾಕ್ಸ್ 0.65 ಮಿಲಿಮೀಟರ್. ಕಾಕ್ ಚುರುಕಾಗಿ ಹೋಗುತ್ತದೆ, ಬೇಗ ತುಂಡಾಗುತ್ತದೆ. ಅಂಡರ್-13 ಮಕ್ಕಳಿಗೆ ತೆಳು ಗಟ್ ಹಾಕಿಸಿ ವಾರ ವಾರ ಅಂಗಡಿಗೆ ಓಡುವ ಅಪ್ಪಂದಿರನ್ನು ನೋಡಿದ್ದೇನೆ. ಸ್ಪಾನ್ಸರ್ ಹುಡುಕುವ ಮೊದಲು ಆ ಗಟ್ ಬದಲಾಯಿಸಿ ಸ್ವಾಮಿ.

ಈಗ ಲೆಕ್ಕ ನೋಡಿ. ಒಂದು ರಾಕೆಟ್ಟಿಗೆ ಸುಮಾರು 10 ಮೀಟರ್ ಗಟ್ ಬೇಕು. ದೊಡ್ಡ ರೋಲ್‌ನಲ್ಲಿ 200 ಮೀಟರ್ ಇರುತ್ತದೆ, ಅಂದರೆ 20 ಗಟ್ಟಿಂಗ್. ನಿಮ್ಮ ಹುಡುಗ ವಾರಕ್ಕೊಂದು ತುಂಡು ಮಾಡಿದರೆ ವರ್ಷಕ್ಕೆ 52. ಮೂರು ರೋಲ್ ಇದ್ದರೆ ವರ್ಷ ಕಳೆದು ಸ್ವಲ್ಪ ಉಳಿಯುತ್ತದೆ. "ಸರ್, ಮಗನಿಗೆ ಏನಾದರೂ ಸಹಾಯ ಮಾಡಿ" ಅನ್ನುವುದಕ್ಕೂ "ವರ್ಷಕ್ಕೆ ಮೂರು ರೋಲ್ ಗಟ್ ಕೊಡಿಸಿದರೆ ಇವನ ಇಡೀ ಸೀಸನ್ ಸಾಗುತ್ತದೆ" ಅನ್ನುವುದಕ್ಕೂ ಎಷ್ಟು ವ್ಯತ್ಯಾಸ, ಅಲ್ವಾ? ಎರಡನೆಯದಕ್ಕೆ ಅಂಗಡಿಯವರು ಕೂತಲ್ಲೇ ಹೌದು ಅಥವಾ ಇಲ್ಲ ಹೇಳಬಹುದು.

ಕಾಕ್ ವಿಷಯ ಸ್ವಲ್ಪ ಬೇರೆ. ಗರಿಯ ಕಾಕ್‌ನಲ್ಲಿ 16 ಗರಿ. ಅದರಲ್ಲಿ ಒಂದು ಮುರಿದರೂ ಹಾರಾಟ ಕೆಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಗರಿಯ ಅಭಾವದಿಂದ ಬ್ಯಾರೆಲ್ (ಕಾಕ್ ತುಂಬಿದ ಡಬ್ಬಿ) ಬೆಲೆ ಯದ್ವಾತದ್ವಾ ಏರಿದೆ. ಹಾಗಾಗಿ ಒಬ್ಬನಿಗೆ ಅಂತ ಕಾಕ್ ಕೊಡುವ ಸ್ಪಾನ್ಸರ್ ಸಿಗುವುದು ಕಷ್ಟ. ಕಾಕ್ ಬೇಕಿದ್ದರೆ ಇಡೀ ಅಕಾಡೆಮಿಯ ಪರವಾಗಿ ಕೋಚ್ ಕೈಲಿ ಕೇಳಿಸಿ.

2. ಕಾಗದಪತ್ರ ಸರಿ ಮಾಡಿಕೊಳ್ಳಿ

ಕೊಡುವವರು ಮೊದಲು ನೋಡುವುದು ನೀವು ಹೇಳಿದ್ದು ನಿಜವೇ ಅಂತ. ಜಿಲ್ಲಾ ಸಂಸ್ಥೆ ಮತ್ತು ಕರ್ನಾಟಕ ಬ್ಯಾಡ್ಮಿಂಟನ್ ಸಂಸ್ಥೆಯಲ್ಲಿ ನೋಂದಣಿ, ರಾಷ್ಟ್ರೀಯ ರ‍್ಯಾಂಕಿಂಗ್ ಟೂರ್ನಿಗೆ ಹೋಗುವವರಾದರೆ ಭಾರತೀಯ ಬ್ಯಾಡ್ಮಿಂಟನ್ ಸಂಸ್ಥೆಯ ಐಡಿ, ಜನನ ಪ್ರಮಾಣಪತ್ರ, ಇಷ್ಟಂತೂ ಇರಲೇಬೇಕು. ಹೆಸರಿನ ಸ್ಪೆಲ್ಲಿಂಗ್ ಎಲ್ಲದರಲ್ಲೂ ಒಂದೇ ಇರಲಿ. ಆಧಾರ್‌ನಲ್ಲಿ ಅಪ್ಪನ ಹೆಸರು ಹಿಂದೆ, ಟೂರ್ನಿ ಎಂಟ್ರಿಯಲ್ಲಿ ಬರೀ ಇನಿಶಿಯಲ್ ಆದರೆ, ನಿಮ್ಮ ಫಲಿತಾಂಶ ಹುಡುಕಿದವರಿಗೆ ಸಿಗುವುದೇ ಇಲ್ಲ. ಹುಡುಕೇ ಹುಡುಕುತ್ತಾರೆ. ಡ್ರಾ (ಯಾರಿಗೆ ಯಾರು ಎದುರಾಳಿ ಅನ್ನುವ ಪಟ್ಟಿ) ಮತ್ತು ಸ್ಕೋರ್ ಈಗ ಆನ್‌ಲೈನ್‌ನಲ್ಲಿ ಇರುತ್ತವೆ.

ವಯಸ್ಸಿನ ವಿಷಯದಲ್ಲಿ ಆಟ ಬೇಡ. ಒಂದು ವರ್ಷ ಕಡಿಮೆ ತೋರಿಸಿ ಅಂಡರ್-15 ಗೆಲ್ಲಿಸೋಣ ಅಂತ ಸಲಹೆ ಕೊಡುವವರು ಎಲ್ಲ ಕೋರ್ಟಿನ ಹೊರಗೂ ಇರುತ್ತಾರೆ. ಸಿಕ್ಕಿಬಿದ್ದರೆ ಸ್ಪಾನ್ಸರ್ ಹಾಗಿರಲಿ, ಆಡುವ ಹಕ್ಕೇ ಹೋಗುತ್ತದೆ.

ಆಮೇಲೆ ಒಂದು ಪುಟದ ಪ್ರೊಫೈಲ್. ಒಂದೇ ಪುಟ. ಹೆಸರು, ಹುಟ್ಟಿದ ವರ್ಷ, ಊರು, ಅಕಾಡೆಮಿ, ಕೋಚ್, ಸಿಂಗಲ್ಸೋ ಡಬಲ್ಸೋ, ಈಗಿನ ರ‍್ಯಾಂಕಿಂಗ್ (ಯಾವ ತಾರೀಕಿನದು ಅಂತ ಸಹಿತ), ಕಳೆದ 12 ತಿಂಗಳ ಫಲಿತಾಂಶ, ಮುಂದಿನ 6 ತಿಂಗಳಲ್ಲಿ ಆಡುವ ಟೂರ್ನಿ. ಒಂದನೇ ಕ್ಲಾಸಿನಲ್ಲಿ ಗೆದ್ದ ಶಾಲಾ ವಾರ್ಷಿಕೋತ್ಸವದ ಕಪ್ ಬೇಡ. ಸೋತ ಪಂದ್ಯವನ್ನೂ ಬರೆಯಬಹುದು, ಎದುರಾಳಿ ಯಾರು ಅಂತ ಹೇಳಿದರೆ. ಟಾಪ್ ಸೀಡ್ (ಟೂರ್ನಿಯ ಅಗ್ರ ಶ್ರೇಯಾಂಕದ ಆಟಗಾರ) ಎದುರು ಮೂರು ಗೇಮ್ ಆಡಿ ಸೋತದ್ದು ಚಿಕ್ಕ ಟೂರ್ನಿಯ ಕಪ್ಪಿಗಿಂತ ಜಾಸ್ತಿ ತೂಕದ್ದು.

ಒಂದು ವಿಡಿಯೊ ಲಿಂಕ್ ಇರಲಿ. ಬರೀ ಸ್ಮ್ಯಾಶ್‌ಗಳನ್ನು ಕತ್ತರಿಸಿ ಹಾಡು ಹಾಕಿದ ವಿಡಿಯೊ ಬೇಡ. ಕೋರ್ಟಿನ ಹಿಂದಿನಿಂದ, ಸ್ವಲ್ಪ ಎತ್ತರದಿಂದ, ಒಂದು ಇಡೀ ಗೇಮ್. ಆಟ ಗೊತ್ತಿರುವವರು ನೋಡುವುದು ಹೊಡೆತವನ್ನಲ್ಲ, ಹೊಡೆದ ಮೇಲೆ ಕಾಲು ಎಲ್ಲಿಗೆ ವಾಪಸ್ ಬರುತ್ತದೆ ಅನ್ನುವುದನ್ನ.

3. ಯಾರನ್ನು ಕೇಳಬೇಕು: ಹತ್ತಿರದಿಂದ ಶುರು ಮಾಡಿ

ಯೋನೆಕ್ಸ್, ಲೀ-ನಿಂಗ್, ವಿಕ್ಟರ್ ಈ ಮೂರು ಹೆಸರು ಎಲ್ಲರ ಬಾಯಲ್ಲೂ ಇವೆ. ಹಂಡ್ರೆಡ್‌ನಂಥ ಭಾರತದ್ದೇ ಬ್ರ್ಯಾಂಡ್‌ಗಳೂ ಇವೆ. ಹೊಸದಾಗಿ ಬೆಳೆಯುತ್ತಿರುವ ಬ್ರ್ಯಾಂಡಿಗೆ ತನ್ನ ಲೋಗೋ ಜೂನಿಯರ್ ಕೋರ್ಟಿನಲ್ಲಿ ಕಾಣಬೇಕಿರುತ್ತದೆ. ಆದ್ದರಿಂದ ರಾಜ್ಯದ ಮೊದಲ ಎಂಟು ಹದಿನಾರರೊಳಗಿನ ಹುಡುಗರಿಗೆ ಅಲ್ಲಿ ಬಾಗಿಲು ಸ್ವಲ್ಪ ಅಗಲ. ದೊಡ್ಡ ಬ್ರ್ಯಾಂಡಿನ ಬಾಗಿಲು ತಟ್ಟುವುದಾದರೂ ಹೆಡ್ ಆಫೀಸಿನ ಇಮೇಲ್‌ನಿಂದಲ್ಲ, ನಿಮ್ಮ ಊರಿನ ಡೀಲರ್ ಮೂಲಕ. ಯಾವ ಹುಡುಗ ದಿನಾ ಬೆಳಿಗ್ಗೆ ಐದೂವರೆಗೆ ಕೋರ್ಟಿಗೆ ಬರುತ್ತಾನೆ, ಯಾವನು ಸೋತಾಗ ರಾಕೆಟ್ ಬಿಸಾಡುತ್ತಾನೆ, ಗಟ್ಟಿಂಗ್ ಮೆಷಿನ್ ಮುಂದೆ ಕೂತ ಮನುಷ್ಯನಿಗೆ ಎಲ್ಲ ಗೊತ್ತು. ಕಂಪನಿಯ ಏರಿಯಾ ಮ್ಯಾನೇಜರ್ ಅಂಗಡಿಗೆ ಬಂದಾಗ ಕೇಳುವುದೂ ಅವನನ್ನೇ.

ಸ್ಪೋರ್ಟ್ಸ್ ಅಂಗಡಿ ಬಿಟ್ಟರೆ ಊರಿನ ಬೇರೆ ವ್ಯಾಪಾರಸ್ಥರು. ಜವಳಿ ಅಂಗಡಿ, ಸಹಕಾರಿ ಬ್ಯಾಂಕ್, ಆಸ್ಪತ್ರೆ, ರೋಟರಿ, ಲಯನ್ಸ್, ನಿಮ್ಮ ಸಮಾಜದ ಸಂಘ, ಶಾಲೆಯ ಹಳೇ ವಿದ್ಯಾರ್ಥಿಗಳು. ಕರಾವಳಿ ಕಡೆಯವರಾದರೆ ದುಬೈ, ಮಸ್ಕತ್‌ನಲ್ಲಿರುವ ಊರವರು. ಇವರಿಗೆ ಬರೆಯುವಾಗ 'ಶಟಲ್ ಬ್ಯಾಡ್ಮಿಂಟನ್' ಅಂತಲೇ ಬರೆಯಿರಿ. ನಮ್ಮಲ್ಲಿ ಬರೀ ಬ್ಯಾಡ್ಮಿಂಟನ್ ಅಂದರೆ ಬಾಲ್ ಬ್ಯಾಡ್ಮಿಂಟನ್ ಅಂದುಕೊಳ್ಳುವ ಹಿರಿಯರು ಇನ್ನೂ ಇದ್ದಾರೆ.

ದೊಡ್ಡ ಕಂಪನಿಗಳ ಸಿಎಸ್‌ಆರ್ ಹಣದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಸಿಎಸ್‌ಆರ್ ಅಂದರೆ ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂಬ 2013ರ ಕಂಪನಿ ಕಾಯ್ದೆಯ ನಿಯಮ. ಒಲಿಂಪಿಕ್ ಕ್ರೀಡೆಗಳ ತರಬೇತಿಗೂ ಅದನ್ನು ಬಳಸಬಹುದು. ಆದರೆ ಎಡವುವ ಜಾಗ ಇಲ್ಲೇ ಇದೆ. ಕಂಪನಿ ತನ್ನ ಪ್ರಚಾರಕ್ಕಾಗಿ ಕೊಟ್ಟ ಸ್ಪಾನ್ಸರ್‌ಶಿಪ್ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. "ಸಿಎಸ್‌ಆರ್‌ನಲ್ಲಿ ಕೊಡಿ, ಟೀ ಶರ್ಟ್ ಮೇಲೆ ನಿಮ್ಮ ಲೋಗೋ ಹಾಕುತ್ತೇವೆ" ಅಂತ ಬರೆದರೆ ಆ ಅಧಿಕಾರಿ ನಿಮ್ಮ ಪತ್ರವನ್ನು ಮುಂದೆ ಕಳಿಸುವ ಹಾಗೇ ಇಲ್ಲ. ಮೇಲಾಗಿ ಈ ಹಣ ಸಾಮಾನ್ಯವಾಗಿ ನೋಂದಾಯಿತ ಸಂಸ್ಥೆಗಳ ಮೂಲಕವೇ ಹೋಗುತ್ತದೆ, ಒಬ್ಬ ಹುಡುಗನ ಅಪ್ಪನ ಖಾತೆಗೆ ಅಲ್ಲ. ಲೋಗೋ ಹಾಕಿಸಿಕೊಳ್ಳುವ ಆಸೆ ಇರುವವರನ್ನು ಮಾರ್ಕೆಟಿಂಗ್ ವಿಭಾಗದಲ್ಲಿ ಹುಡುಕಿ.

ಮೇಲಿನ ಮಟ್ಟಕ್ಕೆ ಹೋದವರಿಗೆ ಬೇರೆ ದಾರಿಗಳಿವೆ. ಪ್ರಕಾಶ್ ಪಡುಕೋಣೆ ಮತ್ತು ಬಿಲಿಯರ್ಡ್ಸ್ ಆಟಗಾರ ಗೀತ್ ಸೇಠಿ 2001ರಲ್ಲಿ ಕಟ್ಟಿದ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್, ಬೆಂಗಳೂರಿನ ಗೋಸ್ಪೋರ್ಟ್ಸ್ ಫೌಂಡೇಶನ್ ಇಂಥವು ದೇಶದ ಮಟ್ಟದಲ್ಲಿ ಮಿಂಚಿದವರನ್ನು ಆರಿಸಿಕೊಳ್ಳುತ್ತವೆ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದವರಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿಯ ನೆರವು ಅಂತ ನಿಗದಿಯಾಗಿತ್ತು. ಅದರಲ್ಲಿ 1.20 ಲಕ್ಷ ಕೈಖರ್ಚಿಗೆ, ಉಳಿದದ್ದು ತರಬೇತಿ, ಸಾಮಾನು, ಪ್ರಯಾಣದಂಥವಕ್ಕೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಗೂ ವರ್ಷಕ್ಕೊಮ್ಮೆ ಹೋಗಿ ಕೇಳಿ ಬನ್ನಿ.

ಇನ್ನೊಂದು ಎಚ್ಚರಿಕೆ, ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಇನ್‌ಸ್ಟಾಗ್ರಾಮ್‌ನಲ್ಲಿ "ನಿಮ್ಮನ್ನು ನಮ್ಮ ಬ್ರ್ಯಾಂಡ್ ಅಂಬಾಸಡರ್ ಆಗಿ ಆರಿಸಿದ್ದೇವೆ" ಅಂತ ಮೆಸೇಜ್ ಬರುತ್ತದೆ. ಮುಂದೆ ರಿಜಿಸ್ಟ್ರೇಷನ್ ಫೀ, ಇಲ್ಲವಾದರೆ 'ಅರ್ಧ ಬೆಲೆಗೆ' ಜೆರ್ಸಿ ಕೊಳ್ಳಬೇಕು ಅನ್ನುತ್ತಾರೆ. ನೀವು ದುಡ್ಡು ಕೊಟ್ಟು ಅವರ ಸಾಮಾನು ಕೊಂಡರೆ ನೀವು ಗಿರಾಕಿ. ಅಷ್ಟೇ.

4. ಪತ್ರ

ಚಿಕ್ಕದಾಗಿರಲಿ. ಊರಿನವರಿಗೆ ಕನ್ನಡದಲ್ಲೇ ಬರೆಯಿರಿ. ಆಡುವವರೇ ಬರೆದರೆ ಒಳ್ಳೇದು, ಅಪ್ಪ ಅಮ್ಮ ತಪ್ಪು ತಿದ್ದಲಿ ಸಾಕು. ಒಂದು ಮಾದರಿ:

"ಮಾನ್ಯರೇ, ನಮಸ್ಕಾರ. ನಾನು ಹತ್ತನೇ ತರಗತಿ ವಿದ್ಯಾರ್ಥಿನಿ. ಜಿಲ್ಲೆಯ ಅಂಡರ್-17 ಬಾಲಕಿಯರ ಸಿಂಗಲ್ಸ್‌ನಲ್ಲಿ ಈ ವರ್ಷ ಮೊದಲ ಸ್ಥಾನದಲ್ಲಿದ್ದೇನೆ. ರಾಜ್ಯ ಟೂರ್ನಿಯಲ್ಲಿ ಪ್ರೀ ಕ್ವಾರ್ಟರ್ ತನಕ ಆಡಿದ್ದೇನೆ. ಎರಡು ವರ್ಷದಿಂದ ನಿಮ್ಮ ಅಂಗಡಿಯಲ್ಲೇ ಗಟ್ಟಿಂಗ್ ಮಾಡಿಸುತ್ತಿದ್ದೇನೆ. ಕಳೆದ ಮೂರು ತಿಂಗಳಲ್ಲಿ 13 ಬಾರಿ ಗಟ್ ಹಾಕಿಸಿದ್ದೇನೆ, ಲೆಕ್ಕ ಜತೆಗಿಟ್ಟಿದ್ದೇನೆ. ಮುಂದಿನ ಒಂದು ವರ್ಷಕ್ಕೆ ಮೂರು ರೋಲ್ ಗಟ್ ಕೊಟ್ಟು ನೆರವಾಗಬೇಕೆಂದು ಕೇಳಿಕೊಳ್ಳುತ್ತೇನೆ. ನಿಮ್ಮ ಅಂಗಡಿಯ ಹೆಸರನ್ನು ನಿಯಮದ ಪ್ರಕಾರ ನನ್ನ ಟೀ ಶರ್ಟ್ ಮೇಲೆ ಹಾಕಿಸಿಕೊಳ್ಳುತ್ತೇನೆ. ತಿಂಗಳಿಗೊಂದು ಭಾನುವಾರ ನಿಮ್ಮಲ್ಲಿಗೆ ಬರುವ ಚಿಕ್ಕ ಮಕ್ಕಳಿಗೆ ಒಂದು ಗಂಟೆ ಆಟ ಹೇಳಿಕೊಡುತ್ತೇನೆ. ನಿಮಗೆ ಅನುಕೂಲವಾದ ದಿನ ಬಂದು ಭೇಟಿಯಾಗಲೇ?"

ಇದರಲ್ಲಿ ಕಷ್ಟ ಹೇಳಿಕೊಂಡಿಲ್ಲ ನೋಡಿ. ಮನೆಯ ಸಾಲ, ಅಪ್ಪನ ಸಂಬಳ ಇವೆಲ್ಲ ಕೇಳಿದರೆ ಹೇಳಿ, ಮೊದಲ ಪತ್ರದಲ್ಲಿ ಬೇಡ. ಕೇಳಿದ್ದು ಒಂದೇ ವಸ್ತು, ಕೊಡುವುದು ಎರಡು. ಎರಡೂ ನಿಮ್ಮ ಕೈಯಲ್ಲಿರುವವು. "ನ್ಯಾಷನಲ್ಸ್ ಗೆಲ್ಲುತ್ತೇನೆ" ಅಂತ ಮಾತು ಕೊಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ.

ಒಂದೇ ಪತ್ರವನ್ನು ಐವತ್ತು ಜನಕ್ಕೆ ಕಳಿಸಬೇಡಿ. ಊರಿನ ಎರಡು ಅಂಗಡಿಯವರು ಒಟ್ಟಿಗೆ ಟೀ ಕುಡಿಯುವವರೇ ಆಗಿರುತ್ತಾರೆ. ಹತ್ತು ದಿನ ಉತ್ತರ ಬರದಿದ್ದರೆ ಒಮ್ಮೆ ಫೋನ್ ಮಾಡಿ. ಆಮೇಲೂ ಸುಮ್ನೆ ಇದ್ದರೆ ಬಿಟ್ಟುಬಿಡಿ, ಮುಂದಿನ ಒಳ್ಳೇ ಫಲಿತಾಂಶ ಬಂದಾಗ ಮತ್ತೆ ಬರೆಯಿರಿ.

5. ಸಾಮಾನು ಆಡಿ ನೋಡದೆ ಒಪ್ಪಬೇಡಿ

ಬ್ರ್ಯಾಂಡ್ ಒಪ್ಪಿದ ಖುಷಿಯಲ್ಲಿ ಈ ಹಂತವನ್ನು ಹಾರಿಬಿಡುತ್ತಾರೆ. ರಾಕೆಟ್ ಬದಲಾದರೆ ಕೈಗೆ ಹೊಂದಲು ವಾರಗಳು ಬೇಕು. ಈಗ ಆಡುತ್ತಿರುವ ರಾಕೆಟ್ಟಿನ ತೂಕ (4ಯು ಅಂದರೆ 80ರಿಂದ 84.9 ಗ್ರಾಂ, 3ಯು ಅಂದರೆ 85ರಿಂದ 89.9 ಗ್ರಾಂ), ಭಾರ ತಲೆಯ ಕಡೆಗಿದೆಯೋ ಹಿಡಿಯ ಕಡೆಗೋ, ಶಾಫ್ಟ್ (ಹಿಡಿಗೂ ತಲೆಗೂ ನಡುವಿನ ಕೋಲು) ಎಷ್ಟು ಗಡುಸು ಇವನ್ನು ಬರೆದುಕೊಂಡು ಹೋಗಿ. ಅದಕ್ಕೆ ಹತ್ತಿರದ ಮಾಡೆಲ್ ಕೇಳಿ, ಎರಡು ವಾರ ಆಡಿ ನೋಡಲು ಕೊಡಿ ಅನ್ನಿ. ಭುಜ ನೋಯತೊಡಗಿದರೆ ಪುಕ್ಕಟೆ ರಾಕೆಟ್ಟೂ ದುಬಾರಿಯೇ.

ಶೂ ವಿಷಯದಲ್ಲಿ ಇನ್ನೂ ಹುಷಾರು. ನಮ್ಮ ಮೊದಲ ಒಪ್ಪಂದದಲ್ಲಿ ರಾಕೆಟ್, ಬಟ್ಟೆ, ಶೂ ಮೂರೂ ಅದೇ ಬ್ರ್ಯಾಂಡಿನದೇ ಇರಬೇಕು ಅಂತಿತ್ತು. ಮಗಳ ಪಾದ ಅಗಲ, ಆ ಶೂ ಕಿರಿದು. ಎರಡನೇ ತಿಂಗಳಿಗೆ ಕಿರುಬೆರಳಿನ ಉಗುರು ಕಪ್ಪಾಯಿತು. ಬೇರೆ ಶೂ ಹಾಕಿ ಆಡಿದ ಫೋಟೋ ಅವರಿಗೆ ಸಿಕ್ಕಿತು, ಕಿಟ್ ನಿಂತಿತು. ತಪ್ಪು ನಮ್ಮದೇ, ಸಹಿ ಹಾಕುವ ಮೊದಲು ಶೂ ಹಾಕಿ ನೋಡಿರಲಿಲ್ಲ.

ಅಂಗಡಿಯವರು ಕಿಟ್ ಜತೆಗೆ ಪ್ರೋಟೀನ್ ಪುಡಿ, ಮಾತ್ರೆ ಕೊಟ್ಟರೆ ನಯವಾಗಿ ಬೇಡ ಅನ್ನಿ. ಕಲಬೆರಕೆ ಪುಡಿಯಿಂದ ಡೋಪ್ ಪರೀಕ್ಷೆಯಲ್ಲಿ ಸಿಕ್ಕಿದರೆ ಹೊಣೆ ಕೊಟ್ಟವರದಲ್ಲ, ಆಟಗಾರನದು.

6. ಒಪ್ಪಂದ ಓದಿ, ಒಂದೊಂದು ಸಾಲೂ ಓದಿ

18 ತುಂಬದವರು ಮಾಡಿಕೊಂಡ ಕರಾರು ನಮ್ಮ ಕಾನೂನಿನಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಕಂಪನಿಗಳು ಅಪ್ಪ ಅಥವಾ ಅಮ್ಮನ ಸಹಿ ಕೇಳುತ್ತವೆ. ಅಂದರೆ ನಾಳೆ ಜಗಳ ಬಂದರೆ ನೋಟಿಸ್ ಬರುವುದು ನಿಮ್ಮ ಹೆಸರಿಗೆ. ಪರಿಚಯದ ವಕೀಲರಿಗೆ ಒಮ್ಮೆ ತೋರಿಸಿ. ನೀವೇ ಓದುವಾಗ ಈ ಜಾಗಗಳಲ್ಲಿ ನಿಲ್ಲಿ.

ಎಕ್ಸ್‌ಕ್ಲೂಸಿವ್ ಷರತ್ತು, ಅಂದರೆ ಬೇರೆ ಬ್ರ್ಯಾಂಡ್ ಮುಟ್ಟುವಂತಿಲ್ಲ ಅನ್ನುವುದು. ಯಾವ ಯಾವ ಸಾಮಾನಿಗೆ ಅಂತ ಹೆಸರಿಸಿ ಬರೆಸಿ. ಗಟ್ ಕೂಡ ಅವರದೇ ಇರಬೇಕೇ, ಅಥವಾ ಗಟ್ ಮೇಲೆ ಅವರ ಲೋಗೋ ಬಳಿದರೆ ಸಾಕೇ ಅಂತ ಕೇಳಿ. ಶೂ ಹೊರಗಿಡಿಸಲು ಆದರೆ ಇಡಿಸಿ.

ತಂಡದ ಬಟ್ಟೆ. ರಾಜ್ಯ ಅಥವಾ ದೇಶದ ತಂಡಕ್ಕೆ ಆಯ್ಕೆಯಾದರೆ ತಂಡದ ಜೆರ್ಸಿ ಹಾಕಲೇಬೇಕಾಗುತ್ತದೆ. ಆಗ ನಿಮ್ಮ ಬ್ರ್ಯಾಂಡ್ ಗಲಾಟೆ ಮಾಡಬಾರದು. ಅದಕ್ಕೆ ವಿನಾಯಿತಿ ಅಂತ ಒಂದು ಸಾಲು ಸಾಕು.

ಲೋಗೋ ಅಳತೆ. ವಿಶ್ವ ಬ್ಯಾಡ್ಮಿಂಟನ್ ಫೆಡರೇಶನ್ ನಿಯಮದಲ್ಲಿ ಟೀ ಶರ್ಟಿನ ಜಾಹೀರಾತು ಲೋಗೋ ಒಂದೊಂದೂ 20 ಚದರ ಸೆಂಟಿಮೀಟರ್ ಮೀರುವಂತಿಲ್ಲ. ಉದಾಹರಣೆಗೆ 5 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ. ಊರಿನ ಜವಳಿ ಅಂಗಡಿಯವರು ಎದೆ ತುಂಬಾ ಹೆಸರು ಬೇಕು ಅನ್ನುತ್ತಾರೆ, ಆಮೇಲೆ ಟೂರ್ನಿ ರೆಫ್ರಿ ಟೀ ಶರ್ಟ್ ಬದಲಾಯಿಸು ಅನ್ನುತ್ತಾರೆ. ಪ್ರಿಂಟ್ ಹಾಕಿಸುವ ಮೊದಲು ಆ ಟೂರ್ನಿಯ ನಿಯಮ ಓದಿ.

ಗಾಯ. ಮಂಡಿ ನೋವಿನಿಂದ ಆರು ತಿಂಗಳು ಆಡದಿದ್ದರೆ ಏನು? ಕೊಟ್ಟ ಸಾಮಾನಿನ ಬೆಲೆ ವಾಪಸ್ ಕೊಡಬೇಕು ಅನ್ನುವ ಷರತ್ತು ಇದ್ದರೆ ತೆಗೆಸಿ, ತೆಗೆಯದಿದ್ದರೆ ಸಹಿ ಹಾಕಬೇಡಿ. ನನ್ನ ಲೆಕ್ಕದಲ್ಲಿ ಇದೊಂದೇ ಯಾವ ಕಾರಣಕ್ಕೂ ಒಪ್ಪಬಾರದ್ದು.

ಮುಂದಿನ ಹಕ್ಕು. ಅವಧಿ ಮುಗಿದ ಮೇಲೆ ಬೇರೆಯವರು ಬಂದರೆ ಮೊದಲು ಇವರಿಗೇ ಅವಕಾಶ ಕೊಡಬೇಕು ಅನ್ನುವ ಸಾಲು. ಇರಲಿ, ಆದರೆ 30 ದಿನದೊಳಗೆ ಉತ್ತರ ಹೇಳಬೇಕು ಅಂತ ಸೇರಿಸಿ. ಎಳೆಯರಿಗೆ ಒಂದೇ ವರ್ಷದ ಒಪ್ಪಂದ ಒಳ್ಳೇದು. ಕಾರ್ಕಳದ ಆಯುಷ್ ಶೆಟ್ಟಿ 2023ರಲ್ಲಿ ವಿಶ್ವ ಜೂನಿಯರ್ ಕಂಚು ಗೆದ್ದರು, 2025ರಲ್ಲಿ ಯುಎಸ್ ಓಪನ್ ಬ್ಯಾಡ್ಮಿಂಟನ್ ಗೆದ್ದರು. ಎರಡು ವರ್ಷದಲ್ಲಿ ಆಟಗಾರನ ಬೆಲೆ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಹದಿನಾಲ್ಕನೇ ವಯಸ್ಸಿನಲ್ಲಿ ಐದು ವರ್ಷಕ್ಕೆ ಬರೆದುಕೊಟ್ಟು ಕೂರಬೇಡಿ.

ತೆರಿಗೆಯ ಬಗ್ಗೆ ಎರಡೇ ಮಾತು. 2022ರ ಜುಲೈ 1ರಿಂದ, ವ್ಯವಹಾರ ಅಥವಾ ವೃತ್ತಿಯ ಸಂಬಂಧದಲ್ಲಿ ವರ್ಷಕ್ಕೆ 20,000 ರೂಪಾಯಿಗಿಂತ ಜಾಸ್ತಿ ಬೆಲೆಯ ವಸ್ತು ಕೊಟ್ಟರೆ ಕಂಪನಿ ಅದಕ್ಕೆ ಶೇ 10 ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ, ಕಟ್ಟಬೇಕೆಂಬ ನಿಯಮ ಬಂದಿದೆ. ಹಾಗಾಗಿ ಹುಡುಗನ ಪ್ಯಾನ್ ಕಾರ್ಡ್ ಕೇಳಬಹುದು. ಗಾಬರಿ ಬೇಡ, ಪ್ಯಾನ್ ಮಾಡಿಸಿ, ಕೊಟ್ಟ ಸಾಮಾನಿನ ಪಟ್ಟಿ ಬೆಲೆ ಸಮೇತ ಇಟ್ಟುಕೊಳ್ಳಿ, ಆಡಿಟರ್‌ಗೆ ತೋರಿಸಿ.

7. ಸಿಕ್ಕ ಮೇಲೆ

ತಿಂಗಳಿಗೊಂದು ಮೆಸೇಜ್ ಹಾಕಿ. ಸೋತ ತಿಂಗಳೂ ಹಾಕಿ. ಗೆದ್ದಾಗ ಮಾತ್ರ ನೆನಪಾಗುವ ಹುಡುಗರ ಬಗ್ಗೆ ಅಂಗಡಿಯವರು ನನ್ನ ಹತ್ತಿರವೇ ಗೊಣಗಿದ್ದಾರೆ. ಪೋಡಿಯಂ ಫೋಟೋದಲ್ಲಿ ಸ್ಪಾನ್ಸರ್ ಟೀ ಶರ್ಟ್ ಇರಲಿ. ಮಕ್ಕಳ ಸೋಶಿಯಲ್ ಮೀಡಿಯಾ ಖಾತೆ ಅಪ್ಪ ಅಮ್ಮ ನೋಡಿಕೊಳ್ಳಲಿ.

ಕೊಟ್ಟ ರಾಕೆಟ್ ಮಾರಬೇಡಿ. ಇದು ಎಲ್ಲರಿಗೂ ಗೊತ್ತಿರುವ ಗುಟ್ಟು: ಹೊಸ ರಾಕೆಟ್ ಕವರ್ ಸಮೇತ ಆನ್‌ಲೈನ್‌ಗೆ ಬರುತ್ತದೆ, ನೋಡಿದ ಡೀಲರ್ ಸುಮ್ಮನಿರುತ್ತಾನೆ, ಮುಂದಿನ ವರ್ಷ ಕಿಟ್ ಬರುವುದಿಲ್ಲ. ಗಟ್ ತುಂಡಾದ ಕೂಡಲೇ ಉಳಿದದ್ದನ್ನೂ ಮಧ್ಯದಿಂದ ಕತ್ತರಿಸಿ ಬಿಡಿ. ಒಂದು ಕಡೆಯ ಎಳೆತಕ್ಕೆ ಫ್ರೇಮ್ ಸೊಟ್ಟಗಾಗುತ್ತದೆ. ಡಬಲ್ಸ್‌ನಲ್ಲಿ ಜೊತೆಗಾರನ ರಾಕೆಟ್ಟಿಗೆ ತಾಗಿ ಫ್ರೇಮ್ ಮುರಿದರೆ ತುಂಡುಗಳನ್ನು ಎಸೆಯಬೇಡಿ. ಬದಲಿ ಕೊಡುವ ಮೊದಲು ಮುರಿದದ್ದನ್ನು ತೋರಿಸಿ ಅನ್ನುವವರಿದ್ದಾರೆ.

ನೋಟ್‌ಬುಕ್ ಬರೆಯುವುದನ್ನು ನಿಲ್ಲಿಸಬೇಡಿ. ಅವಧಿ ಮುಗಿಯಲು ಎರಡು ತಿಂಗಳಿರುವಾಗ ಅದನ್ನು ತಗೊಂಡು ಹೋಗಿ: ಎಷ್ಟು ರೋಲ್ ಕೊಟ್ಟಿದ್ದಿರಿ, ಎಷ್ಟು ಖರ್ಚಾಯಿತು, ಆ ಗಟ್ಟಿನಲ್ಲಿ ಎಷ್ಟು ಟೂರ್ನಿ ಆಡಿದೆ, ರ‍್ಯಾಂಕಿಂಗ್ ಎಲ್ಲಿತ್ತು, ಈಗ ಎಲ್ಲಿದೆ. ರಾಕೆಟ್ ಕೇಳುವ ದಿನ ಅದು.